ಹಳ್ಳಕ್ಕೆ ಬಿಟ್ಟ ನೆಲ

ಅತ್ತೆಮ್ಮ,

ನಿಮ್ಮ ಮೇಲೆ ನನಗಿನ್ನೂ ಸಿಟ್ಟಿದೆ. ನಿಮ್ಮ ಮಗನ ಮೇಲಿರುವಷ್ಟೇ, ನನ್ನ ಮೇಲಿರುವಷ್ಟೇ.

ಮದುವೆಯಾಗಿ ದಾವಣಗೆರೆಯ ಮಂಡಿಪೇಟೆಯಿಂದ ಗುತ್ತೂರಿಗೆ ಬಂದ ಹೊಸತರಲ್ಲಿ ನೀವು ನನಗೆ ಹೊಲ ತೋರಿಸಿದಿರಿ. ಹಳ್ಳದ ಅಂಚಿನ ಅರ್ಧ ಎಕರೆಯನ್ನು ಬಿತ್ತದೆ ಬಿಟ್ಟಿದ್ದಿರಿ. ಅಲ್ಲಿ ಲಕ್ಕಿ ಗಿಡ, ಲಾವಂಚ, ಮೊಣಕಾಲೆತ್ತರದ ಕಲ್ಲಿನ ಒಡ್ಡುಗಳು. ಅಂಗಡಿಯವರ ಮಗಳು ನಾನು, "ಇಷ್ಟು ಜಾಗ ದಂಡ ಅಲ್ಲೇನ್ರಿ?" ಎಂದೆ.

"ಮಳೆಗಾಲದಾಗ ಹಳ್ಳ ಓಡಿ ಬರ್ತೈತೆ. ಇಲ್ಲಿ ಸ್ವಲ್ಪ ಕೂತು ಹೋಗ್ಲಿ ಬಿಡು. ಇಲ್ಲಾಂದ್ರೆ ಕೆಳಗಿನ ಓಣಿಗೆ ನುಗ್ತೈತೆ."

ನಾನು ನಕ್ಕಿದ್ದೆ.

ನೀವು ದಾವಣಗೆರೆಯ ಆಸ್ಪತ್ರೆಯಲ್ಲಿದ್ದಾಗ ನಿಮ್ಮ ಮಗ ಬುಲ್ಡೋಜರ್ ತರಿಸಿದರು. ಲಕ್ಕಿ ಕೀಳಿಸಿ, ಒಡ್ಡು ಒಡೆಸಿ, ಬಳಸಿ ಹೋಗುತ್ತಿದ್ದ ಹಳ್ಳವನ್ನು ನೆಟ್ಟಗೆ ಕಾಲುವೆಯಂತೆ ಅಗೆಸಿದರು. ಬುತ್ತಿ ತಂದ ನನ್ನನ್ನು ನೀವು ಕೇಳಿದಿರಿ, "ಹಳ್ಳದ ಕಡೆ ಹೋಗಿದ್ಯೇನು?" "ಎಲ್ಲ ಹಂಗೇ ಐತ್ರಿ" ಎಂದೆ. ಗಂಡನ ಹೆದರಿಕೆಯೋ, ಅರ್ಧ ಎಕರೆಯ ಆಸೆಯೋ...

ಆ ವರ್ಷದ ಮೊದಲ ದೊಡ್ಡ ಮಳೆಗೇ ನೀರು ಕೆಳಗಿನ ಓಣಿಗೆ ಬಿತ್ತು. ಕೌದಿ ಹೊಲಿಯುವ ಫಾತಿಮಾಬಿಯ ಮಣ್ಣಿನ ಗೋಡೆ ಕುಸಿದು ಆಕೆಯ ಕಾಲು ಮುರಿಯಿತು. "ದೇವರ ಮಳೆ, ನಾವೇನ್ ಮಾಡಾಕ ಆಗ್ತೈತೆ?" ಎಂದರು ನಿಮ್ಮ ಮಗ. ಬುಲ್ಡೋಜರನ್ನೂ ದೇವರೇ ತರಿಸಿದ್ದನೇ? ಆಸ್ಪತ್ರೆಯಿಂದ ಮನೆಗೆ ಬಂದ ನೀವು ಕೋಲೂರಿಕೊಂಡು ಹಳ್ಳ ನೋಡಿ ಬಂದಿರಿ. ನನ್ನ ಮುಖ ನೋಡಿದಿರಿ. ಒಳಗೆ ಹೋಗಿ ಮಲಗಿದಿರಿ. ದೀಪಾವಳಿಗೆ ಮುಂಚೆ ಕಣ್ಣು ಮುಚ್ಚಿ ಹೊರಟೇ ಹೋದಿರಿ. ಬೈಯಬೇಕಿತ್ತು ಅತ್ತೆಮ್ಮ. ಕಪಾಳಕ್ಕೆ ಹೊಡೆದಿದ್ದರೂ ಆಗುತ್ತಿತ್ತು.

ನಿಮ್ಮ ಕಾರ್ಯ ಮುಗಿದ ಮರುದಿನ ಹರಿಹರದ ವಕೀಲರು ಬಂದು ನಿಮ್ಮ ಉಯಿಲಿನ ಕಾಗದ ಓದಿದರು. ಆ ಹೊಲ ನನ್ನ ಹೆಸರಿಗಿತ್ತು. ನೆರೆ ಬಂದ ಮೇಲೆಯೇ ಬರೆಸಿದ್ದಿರಂತೆ. ಸುಳ್ಳು ಹೇಳಿದವಳಿಗೆ ಯಾಕೆ ಕೊಟ್ಟಿರಿ? ಶಿಕ್ಷೆಯೋ, ನಂಬಿಕೆಯೋ? ಈಗ ಯಾರನ್ನು ಕೇಳಲಿ?

ಬೇಸಿಗೆಯಲ್ಲಿ ಆಳುಗಳನ್ನು ಕರೆದು ಹಳ್ಳವನ್ನು ಹಳೆಯ ತಿರುವಿಗೆ ತಿರುಗಿಸಿದೆ. ಒಡ್ಡು ಕಟ್ಟಿಸಿ ಲಕ್ಕಿ ಕಡ್ಡಿ ನೆಟ್ಟೆ.

"ಹುಚ್ಚು ಹಿಡಿದೈತೇನು ನಿನಗ?" ಎಂದರು ನಿಮ್ಮ ಮಗ.

"ಹೊಲ ನಂದೈತ್ರಿ."

ಅವರು ಟ್ರಾನ್ಸಿಸ್ಟರಿನ ದನಿ ಜೋರು ಮಾಡಿದರು. ಅಂದಿನಿಂದ ನಮ್ಮ ನಡುವೆ ಮಾತಿಲ್ಲ.

ಮೊನ್ನೆ ಮೂರು ದಿನ ಬಿಡದೆ ಸುರಿಯಿತು. ಲಕ್ಕಿ ಇನ್ನೂ ಗೇಣುದ್ದ. ತಿರುವು ಮತ್ತು ಒಡ್ಡುಗಳೇ ನೀರನ್ನು ತಡೆದವು. ಹಳ್ಳ ನಮ್ಮ ಹೊಲದ ತುಂಬ ಹರಡಿ ನಿಂತಿತು. ಬಿತ್ತಿದ್ದ ಜೋಳ ಕೊಳೆಯಿತು. ಮಳೆ ನಿಂತ ಮೇಲೆ ಫಾತಿಮಾಬಿಯ ಮನೆಗೆ ಹೋಗಿ, ಬುಲ್ಡೋಜರಿನ ವಿಷಯ ನಿಮ್ಮಿಂದ ಮುಚ್ಚಿಟ್ಟಿದ್ದನ್ನೂ ಸೇರಿಸಿ ಎಲ್ಲವನ್ನೂ ಹೇಳಿದೆ. ಆಕೆ ಬಹಳ ಹೊತ್ತು ಸೂಜಿ ನಿಲ್ಲಿಸಲಿಲ್ಲ. ಕೊನೆಗೆ, "ಈ ಸಲ ಓಣಿಗೆ ನೀರು ಬರ್ಲಿಲ್ಲವ್ವ" ಎಂದಳು. ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ.

ನನ್ನ ಉಸಿರಿರುವ ತನಕ ಆ ಅರ್ಧ ಎಕರೆಗೆ ನಿಮ್ಮ ಮಗನ ನೇಗಿಲು ತಾಗುವುದಿಲ್ಲ, ಅತ್ತೆಮ್ಮ.

ನಿಮ್ಮ ಸೊಸೆ