ದೊಡ್ಡ ಕಂಬದ ಹೆಸರಿಲ್ಲದ ನೆಂಟರು

ಶಾಲಿವಾಹನ ಶಕ ೨೧೩೪, ಪರಿಧಾವಿ ಸಂವತ್ಸರ, ಜ್ಯೇಷ್ಠ ಶುದ್ಧ ಏಕಾದಶಿ
ಕಂಚುಬೆಟ್ಟು, ಕುಂದಾಪುರ ಸೀಮೆ

ಹಿಂದಿನ ಕಾಲದ ಹಿರಿಯರಿಗೆ ಮುತ್ತಕ್ಕನ ನಮಸ್ಕಾರಗಳು.

ಮೇಲಿನ ತಿಥಿ ಓದಿ ಯಾರೋ ತಮಾಷೆಗೆ ಬರೆದದ್ದು ಅಂದುಕೊಳ್ಳಬೇಡಿ. ನಿಮ್ಮ ಲೆಕ್ಕದಲ್ಲಿ ನಾನು ಇನ್ನೂ ಹುಟ್ಟದ ಹೆಂಗಸು. ನನ್ನ ಲೆಕ್ಕದಲ್ಲಿ ನೀವು ತೀರಿಕೊಂಡು ಎಷ್ಟೋ ತಲೆಮಾರಾಯಿತು. ಆದರೂ ಒಂದು ಮಾತು ಕೇಳಬೇಕಾಗಿದೆ. ನನಗೀಗ ಐವತ್ತು. ಇದನ್ನು ಓದುವ ನೀವು ನನ್ನ ಮಗಳ ಪ್ರಾಯದವರಿರಬಹುದು, ಅದಕ್ಕೇನು, ಮೊದಲು ಹುಟ್ಟಿದವರೇ ಹಿರಿಯರು. ನಮ್ಮೂರ ಶಾಲೆಯಲ್ಲಿ ಕಲಿತಷ್ಟೇ ನನ್ನ ಬರವಣಿಗೆ. ನಡುವೆ ನಿಮಗೆ ತಿಳಿಯದ ಶಬ್ದ ಬಂದರೆ ಅಲ್ಲೇ ಬಿಡಿಸಿ ಹೇಳುತ್ತೇನೆ, ಒರಟು ಕಂಡರೆ ಕ್ಷಮಿಸಿ.

ಇವತ್ತು ನಿರ್ಜಲ ಏಕಾದಶಿ. ಅನ್ನವೂ ಇಲ್ಲ, ನೀರೂ ಇಲ್ಲ. ಬೆಳಗಾಗುವ ಮೊದಲೇ ಎದ್ದು ಅಂಗಳ ಗುಡಿಸಿ ದನದ ಹಾಲು ಕರೆದೆ. ತುಳಸಿಗೂ ಈ ದಿನ ಉಪವಾಸ, ಹಾಗಾಗಿ ಅವಳಿಗೆ ನೀರೆರೆಯದೆ ಸುತ್ತು ಬಂದು ಕೈಮುಗಿದೆ. ಆಮೇಲೆ ಬಿಸಿಲುಕೊಡಗಳನ್ನು ಒರೆಸಿಟ್ಟೆ. ಬಿಸಿಲುಕೊಡ ಎಂದರೆ ಗಾಜಿನ ಮುಚ್ಚಳದ ಅಗಲ ಪಾತ್ರೆ. ಅದಕ್ಕೆ ಕಡಲ ನೀರು ತುಂಬಿ ಬಿಸಿಲಿಗಿಟ್ಟರೆ ಮುಚ್ಚಳ ಬೆವರುತ್ತದೆ. ಆ ಬೆವರೇ ಬೇಸಿಗೆಯಲ್ಲಿ ನಮ್ಮ ಕುಡಿಯುವ ನೀರು. ನಿಮ್ಮ ಕಾಲದಲ್ಲಿ ಬಾವಿಯ ನೀರು ಸಿಹಿಯಾಗಿತ್ತಂತೆ. ನಮಗೆ ಮಳೆ ಆರ್ದ್ರೆಗೆ ಮೊದಲು ಬರುವುದಿಲ್ಲ, ಬೇಸಿಗೆ ಉದ್ದವಾಗಿದೆ. ಗಾಜಿನಿಂದ ಹನಿ ಇಳಿಯುವುದನ್ನು ಇವತ್ತು ನೋಡಬಾರದು ಎಂದುಕೊಂಡೇ ನೋಡಿದೆ. ದೇವರು ಕಂಡಿರುತ್ತಾನೆ, ನಕ್ಕಿರುತ್ತಾನೆ.

ಈಗ ಕಡಲ ಕಡೆ ಮುಖ ಮಾಡಿ ಮುರಕಲ್ಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ನೀವು ಗಾಡಿ ಓಡಿಸುತ್ತಿದ್ದ ಹೆದ್ದಾರಿ ಈಗ ನೀರೊಳಗಿದೆ. ಅದರ ಸೇತುವೆಯ ಕಂಬಗಳಷ್ಟೇ ಮೇಲೆದ್ದು ನಿಂತಿವೆ. ಅದನ್ನು ನಾವು ಸಾಲುಕಂಬ ಎನ್ನುತ್ತೇವೆ. ದಡಕ್ಕೆ ಹತ್ತಿರ ಇರುವುದು ದೊಡ್ಡ ಕಂಬ. ತಲೆ ಒಡೆದು ಕಬ್ಬಿಣದ ಸರಳುಗಳು ಜುಟ್ಟಿನಂತೆ ಹೊರಗೆ ಬಂದಿವೆ. ಅದರ ಬುಡಕ್ಕೆ ಇಳಿತದ ಹೊತ್ತಿಗೆ ನಡೆದೇ ಹೋಗಬಹುದು.

ಊರಲ್ಲಿ ನನ್ನನ್ನು ಕಾಂಬವಳು ಎನ್ನುತ್ತಾರೆ. ಕಾಂಬುದು ಎಂದರೆ ನೋಡುವುದು. ನಮ್ಮ ಮುತ್ತಜ್ಜಿಯರ ಕಾಲದಲ್ಲಿ ಈ ಕರಾವಳಿಗೆ ಹಕ್ಕಿಜ್ವರ ಬಂದು ಮರಗಳೆಲ್ಲ ಮೂಕವಾದವಂತೆ. ಆಗ ಊರವರು ಒಂದು ಹರಕೆ ಹೊತ್ತರು. ದಿನವೂ ಒಬ್ಬಳು ಬೆಳಗಿನಿಂದ ಸಂಜೆಯವರೆಗೆ ದಡ ಕಾಯಬೇಕು, ಕಂಡ ಹಕ್ಕಿಗಳ ಹೆಸರನ್ನು ದೀಪ ಹಚ್ಚುವ ಹೊತ್ತಿಗೆ ದೇವಸ್ಥಾನದ ಮೆಟ್ಟಿಲಲ್ಲಿ ನಿಂತು ಕೂಗಬೇಕು. ಹೆಸರು ಕೂಗಿದ ಹಕ್ಕಿ ದೇವರ ಒಕ್ಕಲು. ಅದು ಮೊಟ್ಟೆಯಿಟ್ಟ ಜಾಗದಿಂದ ಒಂದು ಕಡ್ಡಿಯನ್ನೂ ಯಾರೂ ಕೀಳುವಂತಿಲ್ಲ. ಕಾವಲಿನ ಹೊತ್ತಿನಲ್ಲಿ ಕಾಂಬವಳು ಕಡಲಿಗೆ ಬೆನ್ನು ಹಾಕಬಾರದು. ಹರಕೆ ಇಷ್ಟೇ.

ಬೇಸಿಗೆಯ ಕೊನೆಯಲ್ಲಿ ಕೂಗಲು ಹೆಚ್ಚೇನೂ ಇರುವುದಿಲ್ಲ. ಚಳಿಗಾಲದ ನೆಂಟರೆಲ್ಲ ಬಡಗು ದಿಕ್ಕಿಗೆ ಹೋಗಿಯಾಗಿದೆ. ಕುಡುಗೋಲ್‌ಮೂತಿ ಒಂದು ಮಾತ್ರ ಉಳಿದಿದೆ. ಬಾಗಿದ ಉದ್ದ ಕೊಕ್ಕಿನ ಹಕ್ಕಿ ಅದು, ಕಾಲು ಕುಂಟು, ಹೊರಡುವ ಗುಂಪಿನ ಜೊತೆ ಅದಕ್ಕೆ ಹೊರಡಲಾಗಲಿಲ್ಲ. ದಿನವೂ ಅದೇ ಹಸಿ ಮರಳಿನಲ್ಲಿ ಒಂಟಿಯಾಗಿ ಹುಳ ಹುಡುಕುತ್ತದೆ. ಅದರ ಹೆಸರನ್ನು ನಾನು ಮೊದಲು ಕೂಗುತ್ತೇನೆ, ಬೇಸರವಾಗದಿರಲಿ ಎಂದು. ಟಿಟ್ಟಿಭ ಬರಿಯ ನೆಲದ ಮೇಲೆ ಮೊಟ್ಟೆಯಿಟ್ಟು, ಯಾರು ಹೋದರೂ ಬಯ್ಯುತ್ತದೆ. ನೀರುಕಾಗೆ ಮುಳುಗಿ ಎದ್ದು, ರೆಕ್ಕೆ ಬಿಡಿಸಿ, ಒಗೆದ ಬಟ್ಟೆ ಹರವಿದ ಹಾಗೆ ಬಿಸಿಲಿಗೆ ನಿಲ್ಲುತ್ತದೆ. ಮಿಂಚುಳ್ಳಿ ಉಂಟು, ಬೆಳ್ಳಕ್ಕಿ ಉಂಟು. ಗರುಡ ಬಂದರೆ ಕೆನ್ನೆ ಮುಟ್ಟಿಕೊಳ್ಳುತ್ತೇನೆ. ಇಂದು ಬೆಳಿಗ್ಗೆ ಅವನ ದರ್ಶನವಾಯಿತು. ಆದರೆ ಆ ದರ್ಶನದಲ್ಲೇ ಒಂದು ಎಡವಟ್ಟಾಯಿತು. ಅದನ್ನೇ ಹೇಳಹೊರಟದ್ದು.

ಚೈತ್ರದಲ್ಲಿ ಪಡುವಣ ದೇಶದಿಂದ ಖರ್ಜೂರದ ಹಾಯಿಹಡಗು ಬಂದಿತ್ತು. ಅದರ ಹಾಯಿ ಕಟ್ಟುವ ಕೂವೆಮರದಿಂದ ಎರಡು ಹಕ್ಕಿಗಳು ಇಳಿದವು. ಹಡಗು ಹೋಯಿತು, ಅವು ಹೋಗಲಿಲ್ಲ. ಬಣ್ಣ ಕಪ್ಪು, ಕುತ್ತಿಗೆ ಮಾತ್ರ ಬೂದಿ ಬಳಿದ ಹಾಗೆ. ಗಾತ್ರ ನೀರುಕಾಗೆಯಷ್ಟು, ಕೊಂಚ ಚಿಕ್ಕದೇ. ಕೊಕ್ಕು ದಪ್ಪ. ನಡೆಯುವುದಕ್ಕಿಂತ ಅಡ್ಡಡ್ಡ ಕುಪ್ಪಳಿಸುವುದು ಹೆಚ್ಚು. ತಲೆ ಓರೆ ಮಾಡಿ ಒಂದು ಕಣ್ಣಿನಿಂದ ನೋಡುತ್ತದೆ, ನನ್ನ ಮನಸ್ಸಿನಲ್ಲಿ ಏನಿದೆ ಎಂದು ಅಂದಾಜು ಮಾಡುವ ಹಾಗೆ. ದನಿ ಕರ್ಕಶ. ಇಂಥ ಹಕ್ಕಿಯನ್ನು ನಮ್ಮಲ್ಲಿ ಯಾರೂ ಕಂಡಿಲ್ಲ. ನಿಮ್ಮ ಚಿತ್ರಗಳೆಲ್ಲ ಬೆಳಕಿನ ಪೆಟ್ಟಿಗೆಗಳಲ್ಲಿದ್ದವಂತಲ್ಲ, ಪೆಟ್ಟಿಗೆಗಳು ಸತ್ತಾಗ ಚಿತ್ರಗಳೂ ಸತ್ತವು. ಹೋಲಿಸಿ ನೋಡೋಣವೆಂದರೆ ಏನೂ ಇಲ್ಲ.

ನೆರೆಮನೆಯ ಅಕ್ಕಣಿಯ ಒಣಮೀನಿನ ಚಾಪೆ ಅವುಗಳ ಮೊದಲ ಊಟದ ಮನೆಯಾಯಿತು. ಅವಳು ಕೋಲು ಹಿಡಿದು ಓಡುತ್ತ, “ಹ್ವಾಯ್ ಮುತ್ತಕ್ಕಾ, ನಿಮ್ ಹೆಸ್ರಿಲ್ದ ನೆಂಟ್ರ್ ನನ್ ಬಂಗ್ಡಿ ಎತ್ಕಂಡ್ ಹೋದ್ರ್ ಕಾಣಿ! ಬಾಳೆಲಿ ಹಾಕಿ ಕೂರ್ಸಿ ಬಡಿಸ್ಕಾ ಇವ್ರಿಗೆ?” ಎಂದು ಕೂಗುತ್ತಾಳೆ. ನನಗೆ ನಗು. ಅವಳು ಮೀನು ಕಾಯುತ್ತ ಕೂತರೆ ಒಂದು ಹಕ್ಕಿ ಹಿಂದಿನಿಂದ ಬಂದು ಅವಳ ಸೆರಗು ಎಳೆಯುತ್ತದೆ, ಅವಳು ತಿರುಗುವಷ್ಟರಲ್ಲಿ ಇನ್ನೊಂದು ಮೀನು ಎತ್ತುತ್ತದೆ. ಬುದ್ಧಿ ಎಂದರೆ ಅಂಥ ಬುದ್ಧಿ.

ವೈಶಾಖದಲ್ಲಿ ಅವು ದೊಡ್ಡ ಕಂಬದ ಸರಳುಗಳ ನಡುವೆ ಗೂಡು ಕಟ್ಟಿದವು. ಕಡ್ಡಿ ಕಡಿಮೆ, ತುಕ್ಕು ಹಿಡಿದ ತಂತಿಯೇ ಹೆಚ್ಚು. ಕಬ್ಬಿಣದ ತೊಟ್ಟಿಲು ಎನ್ನಿ. ಈಗ ಒಂದು ಕಾವಿಗೆ ಕೂರುತ್ತದೆ, ಇನ್ನೊಂದು ಉಣಿಸು ತರುತ್ತದೆ. ಇವತ್ತು ಬೆಳಿಗ್ಗೆ ಗರುಡ ಆ ಕಂಬದ ಮೇಲೆ ಹಾದದ್ದೇ ತಡ, ಗಂಡೋ ಹೆಣ್ಣೋ ಒಂದು ಮೇಲೆದ್ದು ಅವನನ್ನು ಕುಕ್ಕಿ ಕುಕ್ಕಿ ಅಳಿವೆಯ ಆಚೆಗೆ ಅಟ್ಟಿತು. ಉಪವಾಸದ ದಿನ ಗರುಡನಿಗೆ ಇಂಥ ಅವಮಾನ! ಅಕ್ಕಣಿ ಎರಡೂ ಕೈ ತಲೆಯ ಮೇಲಿಟ್ಟು, “ವಿಷ್ಣು ದೇವ್ರ ವಾಹನನ್ನೇ ಅಟ್ಟುಕೆ ಹೋತ್ತಲೆ, ಇದೆಂಥ ಹಕ್ಕಿಯೆ ಮಾರಾಯ್ತಿ!” ಅಂದಳು. ನಾನು ಬಾಯಲ್ಲಿ ರಾಮ ರಾಮ ಅಂದೆ. ಮನಸ್ಸಿನಲ್ಲಿ ಮಾತ್ರ, ಮಕ್ಕಳನ್ನು ಕಾಯುವ ತಾಯಿಗೆ ಯಾವ ದೇವರ ವಾಹನವಾದರೇನು ಅನಿಸಿತು.

ಈಗ ಕಷ್ಟದ ಮಾತು. ನಮ್ಮ ಗದ್ದೆಗಳಿಗೆ ಉಪ್ಪುನೀರು ನುಗ್ಗದಂತೆ ಅಡ್ಡಗಟ್ಟಕ್ಕೆ ಒಂದು ಬಾಗಿಲಿದೆ. ಅದು ತುಕ್ಕು ಹಿಡಿದು ಉದುರಿದೆ. ಹೊಸ ಬಾಗಿಲಿಗೆ ಕಬ್ಬಿಣ ಬೇಕು, ಕಬ್ಬಿಣ ಇರುವುದು ಸಾಲುಕಂಬದಲ್ಲಿ. ಮಳೆಗಾಲದ ಕಡಲು ಎದ್ದರೆ ಮತ್ತೆ ಯಾವ ಕಂಬದ ಬಳಿಗೂ ಹೋಗಲಾಗದು. ಊರ ಯಜಮಾನ ಕುಷ್ಟ ಮರಕಾಲ ದೊಡ್ಡ ಕಂಬವನ್ನು ಒಡೆಯುವುದೆಂದು ನಿಶ್ಚಯಿಸಿದ. ದೂರದ ಕಂಬಗಳಿಗೆ ದೋಣಿ ಬೇಕು, ಅಲ್ಲಿ ಸುಳಿಯಿದೆ, ಹೋದ ವರ್ಷ ಅವನ ಭಾವ ಅಲ್ಲೇ ಕೈ ಮುರಿದುಕೊಂಡ. ನಾನು ಬೇಡವೆಂದಾಗ ಅವನು ಹೇಳಿದ್ದು ಸುಳ್ಳಲ್ಲ. “ಅಕ್ಕಾ, ಹಕ್ಕಿಗೆ ಗೂಡ್ ಕಟ್ಟುಕೆ ಬೇರೆ ಜಾಗ ಇತ್ತ್. ಉಪ್ಪ್ ನೀರ್ ಹೊಕ್ರೆ ನಮ್ಗೆ ಬೇರೆ ಗದ್ದಿ ಇತ್ತಾ?”

ಆ ಎರಡು ಹಕ್ಕಿಗೆ ಹೆಸರಿದ್ದರೆ ನಾನು ಮೆಟ್ಟಿಲ ಮೇಲೆ ಕೂಗುತ್ತಿದ್ದೆ, ಅಲ್ಲಿಗೆ ಮಾತು ಮುಗಿಯುತ್ತಿತ್ತು. ನಾವೇ ಒಂದು ಹೆಸರಿಡೋಣವೆಂದರೆ ನಮ್ಮ ಅರ್ಚಕರು ಹೊಳ್ಳರು ಒಪ್ಪಲಿಲ್ಲ. “ಮನೀಗೆ ಬಂದ್ ನೆಂಟ್ರಿಗೆ ನಾವೇ ಹೆಸ್ರಿಡುಕ್ ಆತ್ತಾ ಮುತ್ತಕ್ಕ? ಅವ್ರ ಅಪ್ಪ ಅಮ್ಮ ಇಟ್ಟ ಹೆಸ್ರ್ ಎಲ್ಲಾದ್ರೂ ಇರತ್ತ್. ಅದನ್ ಹುಡ್ಕಿ” ಅಂದರು. ಒಳ್ಳೆಯ ಮನುಷ್ಯ. ಅವರ ಮಾತಿನಲ್ಲೂ ನ್ಯಾಯವಿದೆ. ಕಡೆಗೆ ಕುಷ್ಟ ಒಂದು ವಾಯಿದೆ ಕೊಟ್ಟ: “ಆರ್ದ್ರಿ ಹುಟ್ಟುವರಿಗೆ ತಡೀತೆ. ಹೆಸ್ರ್ ಸಿಕ್ರೆ ನಾನೇ ದೂರದ್ ಕಂಬಕ್ಕೆ ದೋಣಿ ಹಾಕ್ತೆ. ಸಿಕ್ದಿದ್ರೆ ಸುತ್ಗಿ ಎತ್ತುದೇ.” ನಾಳೆ ಆರ್ದ್ರೆ ಹುಟ್ಟುತ್ತದೆ.

ಹೀಗೆ ಯೋಚಿಸುತ್ತ ಕೂತಾಗ ನನಗೊಂದು ಸಂಶಯ ಹುಟ್ಟಿದೆ. ಹೇಳಿದರೆ ನೀವು ನಗಬಹುದು. ಇದು ಕಾಗೆಯೇ?

ಕಾಗೆ ಎಂದರೆ ನಮಗೆ ಬಹಳ ದೊಡ್ಡ ಮಾತು. ಶನಿದೇವರನ್ನು ಹೊತ್ತು ತಿರುಗಿದ ಹಕ್ಕಿ, ಪಿತೃಗಳ ಪರವಾಗಿ ಪಿಂಡ ತೆಗೆದುಕೊಂಡ ಹಕ್ಕಿ. ಗುಡಿಯ ಗೋಡೆಯ ಚಿತ್ರದಲ್ಲಿ ಅದು ಕುದುರೆಯಷ್ಟು ಎತ್ತರವಿದೆ, ತಲೆಗೆ ಕಿರೀಟವಿದೆ. ಕಾಗೆ ಕೂತದ್ದಕ್ಕೂ ಗೆಲ್ಲು ಮುರಿದದ್ದಕ್ಕೂ ಎಂಬ ಗಾದೆ ನಮ್ಮಲ್ಲಿ ಉಳಿದಿದೆ. ಕೂತರೆ ಮರದ ಗೆಲ್ಲು ಮುರಿಯುವಷ್ಟು ಭಾರದ ಹಕ್ಕಿ ಎಂದೇ ಎಲ್ಲರೂ ತಿಳಿದಿದ್ದೇವೆ. ಈಗ ಪಿಂಡಕ್ಕೆ ದರ್ಭೆಯ ಕಾಗೆ ಮಾಡಿ ಮುಟ್ಟಿಸುತ್ತೇವೆ. ನನ್ನ ಅಬ್ಬಿಯ, ಎಂದರೆ ಅಮ್ಮನ, ತಿಥಿಯ ದಿನ ತಮ್ಮ ಆ ದರ್ಭೆಯ ಕೊಕ್ಕನ್ನು ಅನ್ನಕ್ಕೆ ತಾಗಿಸುವಾಗ, ಅಬ್ಬಿಗೆ ಇದು ತಲುಪಿತೋ ಇಲ್ಲವೋ ಎಂದು ಪ್ರತಿ ವರ್ಷ ನನಗೆ ಅನಿಸುತ್ತದೆ.

ಹಾಗಾದರೆ ಈ ಮೀನುಕಳ್ಳನನ್ನು ಕಾಗೆ ಎಂದು ಹೇಗೆ ಅನ್ನಲಿ? ಕುಷ್ಟನ ಎದುರು ಒಮ್ಮೆ ಬಾಯಿ ಬಿಟ್ಟೆ. “ಇದ್ ಕೂತ್ರೆ ಬಳ್ಳಿಯೂ ಬಗ್ಗುದಿಲ್ಲೆ ಅಕ್ಕಾ, ಗೆಲ್ಲ್ ಎಲ್ಲಿ ಮುರಿತ್?” ಎಂದು ನಕ್ಕುಬಿಟ್ಟ. ಆದರೆ ನೋಡಿ, ನೀರುಕಾಗೆ ಎಂದು ನಾವೇ ಕರೆಯುವ ಹಕ್ಕಿ ಇಲ್ಲೇ ಇದೆ. ನೀರಿನದ್ದು ಇಷ್ಟೇ ಗಾತ್ರವಾದರೆ ನೆಲದ್ದು ಕುದುರೆಯಷ್ಟು ಯಾಕಿರಬೇಕು? ಚಿತ್ರ ಬರೆದವನು ಭಕ್ತಿಯಿಂದ ದೊಡ್ಡದು ಮಾಡಿರಬಹುದಲ್ಲ. ಗುಡಿಯ ಗಣಪತಿಯ ಇಲಿಯೂ ನಮ್ಮ ಅಟ್ಟದ ಇಲಿಗಿಂತ ಎಷ್ಟೋ ದೊಡ್ಡದು.

ಇನ್ನೊಂದು ಗುರುತಿದೆ. ಅದನ್ನು ಇನ್ನೂ ಯಾರಿಗೂ ಹೇಳಿಲ್ಲ. ನೆಂಟರಿಷ್ಟರು ತುಂಬಿದ ಮನೆಗೆ ನಮ್ಮಲ್ಲಿ ಕಾಗೆ ಬಳಗ ಎನ್ನುತ್ತಾರೆ, ಯಾಕೆಂದು ಯಾರಿಗೂ ಗೊತ್ತಿಲ್ಲ. ಮೊನ್ನೆ ಈ ಕಲ್ಲಿನ ಮೇಲೆ ಒಂದು ಹಿಡಿ ಅನ್ನ ಇಟ್ಟೆ. ಹಕ್ಕಿ ಬಂತು. ಹತ್ತಿರವೇ ಕೂತಿತು, ತಿನ್ನಲಿಲ್ಲ. ಮೊದಲು ಕತ್ತು ಚಾಚಿ ಕೂಗಿತು. ದಕ್ಷಿಣಕ್ಕೆ ತಿರುಗಿ ಕೂಗಿತು, ಗುಡ್ಡದ ಕಡೆ ತಿರುಗಿ ಕೂಗಿತು, ಸುಮ್ಮನಾಗಿ ಕಾದಿತು. ಅದರ ಜೊತೆಯದ್ದು ಗೂಡಿನಲ್ಲೇ ಕಾಣುತ್ತಿತ್ತು, ಅದನ್ನು ಕರೆದದ್ದಲ್ಲ. ಇಡೀ ಕರಾವಳಿಯಲ್ಲಿ ಇರುವುದೇ ಎರಡು. ಹಾಗಾದರೆ ಯಾರನ್ನು ಕರೆಯಿತು? ಯಾರೂ ಬರಲಿಲ್ಲ. ಆಮೇಲೆ ಒಂದೊಂದೇ ಅಗುಳು ತಿಂದು, ಉಳಿದದ್ದನ್ನು ಗೂಡಿಗೆ ಒಯ್ದಿತು. ನಿಮ್ಮ ಅಂಗಳದಲ್ಲಿ ಇಂಥ ಕೂಗಿಗೆ ಓಗೊಡುವವರು ಎಷ್ಟಿದ್ದರೋ!

ಅನ್ನ ತಿಂದದ್ದನ್ನೇ ಸಾಕ್ಷಿ ಎನ್ನುವಂತಿಲ್ಲ. ಅದು ಅಕ್ಕಣಿಯ ಸಾಬೂನನ್ನೂ ತಿಂದಿದೆ. ಕಂಡವರ ಬಾಯಿಂದಲೇ ಮಾತು ಬರಬೇಕು. ಕಂಡವರು ನೀವು. ಅದಕ್ಕೇ ಈ ಹಿನ್ನೋಲೆ. ಹಿಂದಿನವರಿಗೆ ಬರೆಯುವ ಕಾಗದಕ್ಕೆ ನಮ್ಮಲ್ಲಿ ಹಾಗೆನ್ನುತ್ತಾರೆ. ಭರತ ಮುಂದಕ್ಕೆ ತರುತ್ತದೆ, ಇಳಿತ ಹಿಂದಕ್ಕೆ ಒಯ್ಯುತ್ತದೆ ಎಂದು ನಂಬಿಕೆ. ಏಕಾದಶಿಯ ಇಳಿತಕ್ಕೆ ಮಾತ್ರ ಹಿನ್ನೋಲೆ ಬಿಡುವ ಪದ್ಧತಿ. ಹೊಳ್ಳರು ಕಾಗದ ಸುತ್ತಲು ಎಣ್ಣೆಬಟ್ಟೆ ಹಿಡಿದುಕೊಂಡು ಕೆಳಗೆ ಕಾಯುತ್ತಿದ್ದಾರೆ.

ನಿಮಗೆ ತಲುಪಿದರೆ ದೊಡ್ಡ ಉಪಕಾರವೇನೂ ಬೇಡ. ಹಿತ್ತಿಲಿಗೆ ಹೋಗಿ ನೋಡಿ. ಬೂದಿ ಕುತ್ತಿಗೆಯ, ತಲೆ ಓರೆ ಮಾಡುವ, ಉಣ್ಣುವ ಮೊದಲು ಬಳಗ ಕರೆಯುವ ಹಕ್ಕಿ ಅಲ್ಲಿದ್ದರೆ ಅದರ ಹೆಸರನ್ನು ಒಂದೇ ಶಬ್ದದಲ್ಲಿ ಬರೆಯಿರಿ. ಕಾಗೆ ಎಂದಾದರೆ ಕಾಗೆ, ಬೇರೆ ಏನಾದರೂ ಆದರೆ ಅದು. ನನಗೆ ಸರಿಕಾಣಲೆಂದು ಸುಳ್ಳು ಬರೆಯಬೇಡಿ, ದೇವರ ಮೆಟ್ಟಿಲಲ್ಲಿ ಕೂಗುವ ಹೆಸರು ಅದು. ಕಂಚುಬೆಟ್ಟಿನ ಗುಡ್ಡದ ನೆತ್ತಿಯಲ್ಲಿ ಒಂದು ಕಪ್ಪು ಬಂಡೆ, ಅದರ ಹೊಟ್ಟೆಯಲ್ಲಿ ಒಂದು ಗುಳಿ ಇದೆ. ನಿಮ್ಮ ಕಾಲದಲ್ಲೂ ಇದ್ದೇ ಇರುತ್ತದೆ, ಬಂಡೆಗೆ ಇನ್ನೂರು ವರ್ಷ ಯಾವ ಲೆಕ್ಕ? ಉತ್ತರವನ್ನು ಹೆಂಚಿನ ತುಂಡಿನ ಮೇಲೆ ಗೀರಿ ಗುಳಿಯ ಒಳಕ್ಕೆ ತಳ್ಳಿಬಿಡಿ. ಕಾಗದವಾದರೆ ಉಳಿಯದು.

ಇದನ್ನು ಬರೆಯುತ್ತಿದ್ದಂತೆ ಒಂದು ಹೊಳೆಯಿತು. ನೀವು ಉತ್ತರ ಬರೆದದ್ದು ಹೌದಾದರೆ, ಅದು ನಾನು ಹುಟ್ಟುವ ಮೊದಲಿನಿಂದಲೂ ಆ ಗುಳಿಯಲ್ಲೇ ಇದೆ. ಮಗುವಾಗಿ ನಾನು ಆ ಬಂಡೆಯ ಮೇಲೆ ಹತ್ತಿ ಆಡುವಾಗಲೂ ಇತ್ತು. ಕೇಳುವ ಮೊದಲೇ ಉತ್ತರಕ್ಕೆ ಕೈ ಹಾಕುವುದು ಮರ್ಯಾದೆಯಲ್ಲ, ಅದಕ್ಕೇ ಇಷ್ಟು ಹೊತ್ತು ನೋಡಲಿಲ್ಲ ಎಂದುಕೊಳ್ಳಿ. ಈಗ ಕೇಳಿಯಾಯಿತು. ಬಂಡೆ ನನ್ನ ಬೆನ್ನ ಹಿಂದಿದೆ. ಹೊತ್ತು ಮುಳುಗುವವರೆಗೆ ನಾನು ಕಡಲಿಗೆ ಬೆನ್ನು ಹಾಕುವಂತಿಲ್ಲ. ಮುಳುಗಿದ ಕೂಡಲೇ ಮೆಟ್ಟಿಲಲ್ಲಿ ನಿಂತು ಹೆಸರು ಕೂಗಬೇಕು. ದೊಡ್ಡ ಕಂಬದ ಮೇಲೆ ತಾಯಿ ಹಕ್ಕಿ ಕಾವು ಬಿಟ್ಟೇಳದೆ ಈ ಕಡೆಗೇ ನೋಡುತ್ತಿದೆ.

ಕೊನೆಯ ಸಾಲು ಈ ಕಾಗದ ಒಯ್ಯುವವಳಿಗೆ. ಅಕ್ಕಣೀ, ಮೀನು ಆಮೇಲೆ ಎತ್ತಿಡು ಮಾರಾಯ್ತಿ. ಈ ಕಾಗದ ಹೊಳ್ಳರ ಕೈಗೆ ಕೊಟ್ಟು, ಹಾಗೇ ಗುಡ್ಡ ಹತ್ತಿ, ಗುಳಿಗೆ ಕೈ ಹಾಕಿ ನನ್ನ ಉತ್ತರ ತಂದುಕೊಡು.

ಇತಿ,
ಮುತ್ತಕ್ಕ, ಕಂಚುಬೆಟ್ಟಿನ ಕಾಂಬವಳು