ಬಾಗಿಲಿಗೆ ಕಟ್ಟಿದ ಬಲೆ

ನಾರಾಯಣಪುರ, ತಾ. ಹುಣಸಗಿ
೧೯-೫-೨೦೨೫, ಸೋಮವಾರ

ಪ್ರೀತಿಯ ಬೇಟಾ ಅಜರುದ್ದೀನನಿಗೆ ನಿನ್ನ ಅಮ್ಮಿಯ ಸಲಾಮು, ದುವಾ.

ಹೇಗಿದ್ದೀಯಪ್ಪ? ಕಿವಿ ಸೋರುವುದು ನಿಂತಿತೇ? ಎಣ್ಣೆ ಹಾಕಬೇಡಿ ಎಂದು ಡಾಕ್ಟರು ಹೇಳಿದ್ದನ್ನು ನೀನೇ ನನಗೆ ಹೇಳಿದ್ದೆ. ಆದರೂ ಹಾಕಿಕೊಂಡಿರುತ್ತೀಯ, ನನಗೆ ಗೊತ್ತು. ಇಲ್ಲಿ ನಿನ್ನ ಹೆಂಡತಿ ಗುಲ್ನಾಜ್ ಆರಾಮಾಗಿದ್ದಾಳೆ. ನಿನ್ನ ಮಗಳು ಗುಡ್ಡಿಗೆ ಮುಂದಿನ ಎರಡೂ ಹಲ್ಲು ಬಿದ್ದಿವೆ, ನಗುವಾಗ ಬಾಯಿಗೆ ಕೈ ಅಡ್ಡ ಇಟ್ಟುಕೊಳ್ಳುತ್ತಾಳೆ. ದಿನಾ ಫೋನ್ ಇರುವಾಗ ಈ ಮುದುಕಿಗೆ ಪತ್ರದ ಹುಚ್ಚು ಯಾಕೆ ಎಂದು ನಗಬೇಡ. ಫೋನ್ ಬಂದರೆ ನಿನ್ನ ತಮ್ಮ ತೌಫೀಕ್ ಪಕ್ಕದಲ್ಲೇ ಕೂತಿರುತ್ತಾನೆ, ಸ್ಪೀಕರ್ ಹಾಕಿಯೇ ಮಾತಾಡಬೇಕು. ಪರದೇಶದ ನಿಮ್ಮ ಕ್ಯಾಂಪಿನಲ್ಲಿರುವ ಅರ್ಜುನ ರಜೆ ಮುಗಿಸಿ ಶಹಾಪುರದಿಂದ ವಾಪಸ್ ಹೊರಟಿದ್ದಾನೆ. ಅವನ ಕೈಯಲ್ಲಿ ಇದನ್ನು ಕೊಡುತ್ತಿದ್ದೇನೆ. ಮನೆಯ ಮಾತು ಬೇರೆಯಾದರೂ ಬರೆಯಲು ನನಗೂ ನಿನಗೂ ಬರುವುದು ಶಾಲೆಯ ಕನ್ನಡವೇ, ಹಾಗಾಗಿ ಕನ್ನಡದಲ್ಲೇ ಬರೆದಿದ್ದೇನೆ.

ನೀರಡಿಯಲ್ಲಿ ಉಸಿರಾಡಲೆಂದು ನೀನು ಕೊಡಿಸಿದ ಗಾಳಿಯಂತ್ರ ಕೆಟ್ಟಿತು ಎಂದು ತೌಫೀಕ್ ನಿನಗೆ ಹೇಳಿದ್ದಾನೆ. ಬೆನ್ನಿಗೆ ಕಟ್ಟಿಕೊಳ್ಳುವ ಸಿಲಿಂಡರ್ ಬೇಕು, ಹಡಗಿನ ತಳ ತೊಳೆಯಲು ನೀವು ಹಾಕಿಕೊಳ್ಳುತ್ತೀರಲ್ಲ, ಅಂಥದು, ಎಂದು ಕೇಳಿದ್ದಾನೆ. ಬಕ್ರೀದಿಗೆ ಬರುವಾಗ ತರುತ್ತೇನೆ ಎಂದು ನೀನು ಒಪ್ಪಿದ್ದೀ. ತರಬೇಡ. ಈ ಪತ್ರದಲ್ಲಿ ನಾನು ಹೇಳುವುದು ಇಷ್ಟೇ. ಯಾಕೆ ಬೇಡ ಎಂಬುದನ್ನು ಸಮಾಧಾನದಿಂದ ಓದು, ನಡುವೆ ಬಿಟ್ಟು ಚಹಾ ಕುಡಿಯಲು ಏಳಬೇಡ.

ನಿಮ್ಮ ಅಬ್ಬಾ ಇದ್ದಾಗ ಹಿನ್ನೀರಿನಲ್ಲಿ ಮುಳುಗಿ ಕೊರಮೀನು ಹೊಡೆಯುತ್ತಿದ್ದದ್ದು ನಿನಗೆ ನೆನಪಿದೆ. ಆದರೆ ನೀವಿಬ್ಬರೂ ದಂಡೆಯಲ್ಲಿ ಆಡುವವರು, ತೆಪ್ಪದಲ್ಲಿ ನಾನು ಏನು ಮಾಡುತ್ತಿದ್ದೆ ಎಂದು ನೋಡಿದವರಲ್ಲ. ಅವರು ಭರ್ಚಿ ಹಿಡಿದು ನೀರಿಗಿಳಿದ ಕೂಡಲೇ ಮೇಲೆ ನಾನೂ ಉಸಿರು ಕಟ್ಟಬೇಕು. ನನ್ನ ಉಸಿರು ತೀರಿತೋ, ಎರಡು ಕಲ್ಲು ಹಿಡಿದು ನೀರೊಳಗೆ ಬಡಿಯಬೇಕು. ಆ ಸಪ್ಪಳ ತಳದವರೆಗೆ ಸ್ಪಷ್ಟವಾಗಿ ಹೋಗುತ್ತದಂತೆ. ಅದು ಕೇಳಿದರೆ ಮೀನು ಎದುರಿಗಿದ್ದರೂ ಅವರು ತಿರುಗಿ ಬರುತ್ತಿದ್ದರು. ಅವರ ತಂದೆ, ಅಜ್ಜ ಹೊಳೆಯಲ್ಲಿ ಮುಳುಗುತ್ತಿದ್ದ ಕಾಲದಿಂದಲೂ ಹಾಗೇ. ಹೊಸ ಸೊಸೆಯಾಗಿ ಬಂದಾಗ ನಾನು ಬೇಕೆಂದೇ ಬೇಗ ಕಲ್ಲು ಬಡಿದು ಬೈಸಿಕೊಂಡಿದ್ದೂ ಉಂಟು. "ಮ್ಯಾಲ ಕುಂತಾಕಿ ಉಸರು ತೀರಿದ್ರ ನಂದೂ ತೀರಿದಂಗ. ಅದರ ಮ್ಯಾಲ ಒಂದು ಗಳಿಗಿ ನಿಂತ್ರೂ ಅದು ಬ್ಯಾಟಿ ಅಲ್ಲ" ಎನ್ನುತ್ತಿದ್ದರು. ಕೊರಮೀನು ಬೇರೆ ಮೀನಿನಂತಲ್ಲ, ಗಾಳಿ ಕುಡಿಯಲು ಆಗಾಗ ಮೇಲೆ ಬರಲೇಬೇಕು. ಹಾಗೆ ಮೇಲೆ ಹೊರಟ ಮೀನಿಗೆ ಅವರು ಎಂದೂ ಭರ್ಚಿ ಎತ್ತಲಿಲ್ಲ. ಅದು ಉಸಿರಿಗೆ ಹೊರಟಿದೆ, ತಾವೂ ಉಸಿರಿಗೇ ಹೊರಟವರು, ದಾರಿಯಲ್ಲಿ ಹೊಡೆಯುವುದು ಹರಾಮಿ ಕೆಲಸ ಎಂಬುದು ಅವರ ಲೆಕ್ಕ.

ಯಂತ್ರ ಬಂದಾಗ ನನಗೂ ಸಂತೋಷವೇ ಆಗಿತ್ತು, ಸುಳ್ಳು ಹೇಳುವುದಿಲ್ಲ. ದಂಡೆಯ ಬಂಡೆಯ ಮೇಲೆ ಇಂಜಿನ್ ಗುಡುಗುಡು ಎನ್ನುತ್ತದೆ, ನೀನು ಕಳಿಸಿದ ಹಳದಿ ಪೈಪಿನಲ್ಲಿ ಗಾಳಿ ಹೋಗುತ್ತದೆ, ಮಗ ತಳದಲ್ಲಿ ಆರಾಮಾಗಿ ಉಸಿರಾಡುತ್ತಾನೆ. ಪೈಪು ಮಡಚಿಕೊಳ್ಳದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಅಬ್ಬಾನ ಕಾಲದಿಂದ ತೆಪ್ಪ ಹಾಕುವ ಮೌನಪ್ಪ ಒಂದು ದಿನ ನನ್ನನ್ನು ನೋಡಿ ಗಾಬರಿಯಾದ. "ಭಾಬಿ, ಯಂತ್ರ ನಡದದಲ್ರಿ, ನೀವ್ಯಾಕ ಉಸರು ಕಟ್ಟಿ ಕುಂತೀರಿ? ಮಾರಿ ನೋಡ್ಕೋರಿ, ಹ್ಯಾಂಗ ಕಪ್ಪಿಟ್ಟದ!" ಎಂದ. ನನಗೇ ಗೊತ್ತಿಲ್ಲದೆ ಕಟ್ಟಿ ಕೂತಿದ್ದೆ. ಎಷ್ಟು ಕಟ್ಟಿದರೂ ತೌಫೀಕ್ ಮೇಲೆ ಬರಲೊಲ್ಲ.

ಈ ಬೇಸಿಗೆಯಲ್ಲಿ ಹಿನ್ನೀರು ಬಹಳ ಇಳಿದಿದೆ. ಮುಳುಗಿದ ಹಳೇ ಊರಿನ ಗೋಡೆಗಳಿಗೆ ಈಗ ಎರಡಾಳು ನೀರು. ಅಬ್ಬಾ ಹುಟ್ಟಿದ ಮನೆಯನ್ನು ಮೌನಪ್ಪ ಗುರುತು ಹಿಡಿದು ತೋರಿಸಿದ. ನಾನು ಆ ಮನೆಯನ್ನು ಒಣಗಿದ್ದಾಗ ನೋಡಿದವಳಲ್ಲ. ಅದರ ಒಳಕೋಣೆಗೆ ಹಾಸುಗಲ್ಲಿನ ಮಾಳಿಗೆ ಇನ್ನೂ ಗಟ್ಟಿಯಾಗಿದೆ, ಇರುವುದು ಒಂದೇ ಸಣ್ಣ ಬಾಗಿಲು. ದೊಡ್ಡ ದೊಡ್ಡ ಕೊರಮೀನು ಅಲ್ಲಿ ಸೇರಿಕೊಂಡಿರುತ್ತವೆ. ತೌಫೀಕ್ ಭರ್ಚಿ ಒಯ್ಯಲೇ ಇಲ್ಲ. ಬಾಗಿಲಿಗೆ ಬಲೆ ಕಟ್ಟಿ, ಪೈಪು ಬಾಯಲ್ಲಿಟ್ಟುಕೊಂಡು ಹೊಸ್ತಿಲ ಮೇಲೆ ಕೂತ. ಮೀನುಗಳಿಗೆ ಗಾಳಿ ಬೇಕು, ಮೇಲೆ ಹೋಗಲು ದಾರಿಯಿಲ್ಲ. ಇವನಿಗೆ ಮೇಲೆ ಹೋಗುವ ಅವಶ್ಯಕತೆಯೇ ಇಲ್ಲ. ಅವು ಬಂದು ಬಂದು ಬಲೆಗೆ ಮೂತಿ ಒತ್ತಿದವಂತೆ. ಆಮೇಲೆ ಬರುವುದು ನಿಂತಿತಂತೆ. ಮೀನನ್ನು ನೀರಿನಲ್ಲಿ ಉಸಿರುಗಟ್ಟಿಸಿ ಕೊಂದ, ಅಜರ್. ತನ್ನ ತಂದೆಯ ಮನೆಯಲ್ಲಿ ಕೂತು ಕೊಂದ.

ದಂಡೆಗೆ ತಂದು ಹಾಕಿದಾಗ ಮೀನು ಕೊಳ್ಳಲು ಬಂದ ಧಾಬಾದವರು ಶಹಬ್ಬಾಸ್ ಎಂದರು. ಒಂದರ ಮೈಮೇಲೂ ಗಾಯವಿಲ್ಲ. ಗುಡ್ಡಿ ಒಂದನ್ನು ಮುಟ್ಟಿ ನೋಡಿ "ಚಾಚಾ, ಇದಕ್ಕ ಏನಾಗ್ಯಾದ?" ಎಂದು ಕೇಳಿದಳು. "ಏನೂ ಆಗಿಲ್ಲ" ಎಂದ. ಅವನ ಹಣೆಬರಹ, ಆ ಮಗು ಮತ್ತೆ ಮತ್ತೆ ಅದನ್ನೇ ಕೇಳಿತು. ಮೀನಿಗೆ ಕತ್ತಿ ಹಾಕಿ ಹಲಾಲ್ ಮಾಡುವ ನಿಯಮವಿಲ್ಲ, ಅದು ಹೇಗೆ ಸತ್ತರೇನು ಎಂದು ನನಗೆ ಪಾಠ ಹೇಳಲು ಬರಬೇಡ. ಅದೆಲ್ಲ ನನಗೂ ಗೊತ್ತು. ಆದರೆ ಆ ಮೀನನ್ನು ನಾನು ಕೊಯ್ಯಲಿಲ್ಲ, ಗುಲ್ನಾಜಳಿಗೂ ಕೊಯ್ಯಲು ಬಿಡಲಿಲ್ಲ.

ಅಂದಿನಿಂದ ಹುಡುಗ ನೆಟ್ಟಗಿಲ್ಲ. ಊಟಕ್ಕೆ ಕೂತರೆ ಬಾಗಿಲು ಮುಚ್ಚಲು ಬಿಡುವುದಿಲ್ಲ. ತುತ್ತು ಕೈಯಲ್ಲಿ ಹಿಡಿದು, ಕತ್ತು ಮೇಲೆತ್ತಿ, ಬಾಯಿ ತೆರೆದು ಗಾಳಿ ಎಳೆದುಕೊಳ್ಳುತ್ತಾನೆ. ಉಗುಳಿದರೆ ಪೆಟ್ರೋಲು ವಾಸನೆ. ಒಂದು ಸಂಜೆ ತಾನೇ ಬಂದು ನನ್ನ ಕಾಲ ಹತ್ತಿರ ಕೂತು, "ಅಮ್ಮಿ, ನಾ ತಳದಾಗ ಇದ್ದಾಗ ನೀ ಯಾಕ ಕಲ್ಲು ಬಡದಿ?" ಎಂದು ಕೇಳಿದ. ನಾನು ದಂಡೆಯಲ್ಲಿ ಇಂಜಿನ್ ಹತ್ತಿರ ಕೂತವಳು, ಎರಡೂ ಕೈ ಪೈಪಿನ ಮೇಲೆ. ಕಲ್ಲು ಬಡಿದಿಲ್ಲ ಎಂದೆ. ಮೌನಪ್ಪನೂ ಬಡಿದಿಲ್ಲ. ಮೀನು ಬಲೆಗೆ ಬರುತ್ತಿದ್ದಷ್ಟು ಹೊತ್ತೂ ಕೇಳುತ್ತಿತ್ತು, ಕೋಣೆಯ ಒಳಗಿನಿಂದ ಕೇಳುತ್ತಿತ್ತು ಎಂದು ತೌಫೀಕ್ ಅಂದ. ಆದರೆ ನಾನು ಕೇಳಿದ್ದು ಬೇರೆ ಮಾತು. ಕೇಳಿಸಿದ ಮೇಲೂ ಯಾಕೆ ಮೇಲೆ ಬರಲಿಲ್ಲ ಎಂದೆ. "ಪೈಪ್ ಇತ್ತಲ್ಲಮ್ಮಿ" ಎಂದ. ಆ ಉತ್ತರಕ್ಕೆ ನನಗೆ ಅಳು ಬಂತು. ಇಷ್ಟಾದರೂ ಮರುದಿನ ಮತ್ತೆ ಬಲೆ ಹೊತ್ತು ಹೊರಟ. ಹೆದರಿಕೆಯೂ ಇದೆ, ಬಿಡಲೂ ಆಗುವುದಿಲ್ಲ. ಏನು ಹಿಡಿದಿದೆಯೋ ಆ ಹುಡುಗನನ್ನು, ಅಲ್ಲಾಹನಿಗೇ ಗೊತ್ತು.

ನೀನೂ ಗಾಳಿ ಹೊತ್ತುಕೊಂಡೇ ನೀರಿಗಿಳಿಯುತ್ತೀಯಲ್ಲ ಎನ್ನಬಹುದು. ನೀನು ತೊಳೆಯುವುದು ಕಬ್ಬಿಣ, ಅದಕ್ಕೆ ಉಸಿರಿಲ್ಲ. ಮುಳುಗಿದವರನ್ನು ಎತ್ತಲು ಅದನ್ನು ಹಾಕಿಕೊಂಡರೆ ನಾನೇ ಹಾರ ಹಾಕುತ್ತೇನೆ. ಬೇಟೆಗೆ ಮಾತ್ರ ಬೇಡ. ತಮ್ಮ ಸಿಟ್ಟಾಗುತ್ತಾನೆ, ಆಗಲಿ. ಕಸ್ಟಮ್ಸಿನವರು ಬಿಡಲಿಲ್ಲ ಎಂದು ಹೇಳು, ಸುಳ್ಳಿನ ಪಾಪ ನನಗಿರಲಿ.

ಹೊತ್ತು ಹೊತ್ತಿಗೆ ಊಟ ಮಾಡು, ಬಿಸಿಲಿಗೆ ತಲೆ ಮುಚ್ಚಿಕೋ. ಗುಲ್ನಾಜಳ ಸಲಾಮು, ಗುಡ್ಡಿಯ ಮುತ್ತು. ನಿನ್ನ ಉಸಿರು ದೊಡ್ಡದಿರಲಿ ಎಂದು ದಿನಾ ಬೇಡುವ,

ನಿನ್ನ ಅಮ್ಮಿ
ರಾಬಿಯಾ

ತಾ.ಕ.: ಅರ್ಜುನ ಹೊರಗೆ ಬೈಕು ಚಾಲೂ ಮಾಡಿ ನಿಂತಿದ್ದಾನೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಯಂತ್ರ ಕೆಟ್ಟಿರಲಿಲ್ಲ. ಮೊನ್ನೆ ಗುರುವಾರ ತೌಫೀಕ್ ಮತ್ತೆ ಬಲೆ ಕಟ್ಟಿ ಕೂತಿದ್ದಾಗ ನಾನೇ ಬಂದ್ ಮಾಡಿದೆ. ಯಂತ್ರದ ಟಾಕಿಯಲ್ಲಿ ಉಳಿದ ಗಾಳಿ ಸ್ವಲ್ಪ ಹೊತ್ತು ನಡೆಯುತ್ತದೆ ಎಂದು ಗೊತ್ತಿತ್ತು, ಎಷ್ಟು ಹೊತ್ತು ಎಂದು ಗೊತ್ತಿರಲಿಲ್ಲ. ಬಲೆಗೆ ಕಾಲು ಸಿಕ್ಕಿ, ಹರಿದುಕೊಂಡು, ಮೂಗಿನಲ್ಲಿ ರಕ್ತ ಸುರಿಸುತ್ತಾ ಮೇಲೆ ಬಂದ. ಮೌನಪ್ಪ ನನ್ನ ಕೈ ನೋಡಿದ. ಆಮೇಲೆ ಮೌನಪ್ಪನ ಎದುರೇ ಇಂಜಿನ್ನಿನ ವೈರು ಕಿತ್ತು ನೀರಿಗೆ ಎಸೆದೆ. ಹೆತ್ತ ಮಗನ ಗಾಳಿ ನಿಲ್ಲಿಸಿದ ತಾಯಿ ನಾನು, ನನ್ನನ್ನು ಏನಾದರೂ ಅಂದುಕೋ. ಆದರೆ ನಿಲ್ಲಿಸಿದ್ದಕ್ಕೇ ಅವನು ಮೇಲೆ ಬಂದ. ಸಿಲಿಂಡರ್ ಬೆನ್ನಿಗೆ ಕಟ್ಟಿಕೊಂಡು ಅವನು ಒಳಗೆ ಹೋದರೆ, ಬಂದ್ ಮಾಡಲು ಮೇಲೆ ನನ್ನ ಕೈಗೆ ಏನೂ ಇರುವುದಿಲ್ಲ.