ಸೋಬಾ ಇಲ್ಲದ ತಟ್ಟೆ

ತಕಾಸಾಕಿ
ನವೆಂಬರ್ 17, 2024

ಪ್ರಿಯ ಇಕುಕೊ,

ಹೇಗಿದ್ದೀಯೇ? ಈ ಚಳಿಗೆ ನಿನ್ನ ಮಂಡಿ ನೋವು ಜಾಸ್ತಿಯಾಗಿರಬೇಕು. ನೀನು ಕಳಿಸಿದ ಮೂಲಂಗಿ ಉಪ್ಪಿನಕಾಯಿ ಬಂದು ವಾರ ಮೀರಿತು, ತಲುಪಿತು ಎಂದು ಒಂದು ಸಾಲೂ ಬರೆಯಲಿಲ್ಲ. ತಪ್ಪಾಯಿತು. ಅರ್ಧ ಗಂಟೆಯ ರೈಲಿನ ದೂರದಲ್ಲಿರುವವಳಿಗೆ ಕಾಗದವೇಕೆ ಎಂದು ಹುಬ್ಬೇರಿಸಬೇಡ. ಎದುರಿಗೆ ಕೂತರೆ ನೀನು ಚಹಾ ಬಗ್ಗಿಸುತ್ತೀಯ, ನಾನು ಕುಡಿಯುತ್ತೇನೆ, ಹೇಳಬೇಕಾದ ಮಾತು ಗಂಟಲಲ್ಲೇ ಉಳಿಯುತ್ತದೆ. ಆವತ್ತು ಫೋನಿನಲ್ಲಿ ಪ್ರವಾಸ ಚೆನ್ನಾಗಿತ್ತು ಎಂದೆನಲ್ಲ, ಅದು ಸುಳ್ಳು. ಮಧ್ಯಾಹ್ನ ಊಟದ ಹೊತ್ತಿಗೆ ಒಂದು ಸಂಗತಿ ನಡೆಯಿತು. ಅದರಲ್ಲಿ ನೀನೂ ಇದ್ದೀಯ. ಅದಕ್ಕೇ ಬರೆಯುತ್ತಿದ್ದೇನೆ.

ಹನ್ನೊಂದು ವರ್ಷದಲ್ಲಿ ಇದು ನನ್ನ ಮೊದಲ ಪ್ರವಾಸ. ಅತ್ತೆ ಹಾಸಿಗೆ ಹಿಡಿದ ಮೇಲೆ ನಾನು ಮಾರುಕಟ್ಟೆಯಿಂದಾಚೆ ಕಾಲಿಟ್ಟವಳಲ್ಲ. ಈ ಬೇಸಿಗೆಯಲ್ಲಿ ಅವರು ತೀರಿಕೊಂಡ ವರ್ಷದ ಪೂಜೆ ಮುಗಿದ ಮೇಲೆ ನಮ್ಮ ಯಜಮಾನರು ಒಂದು ದಿನ ಪತ್ರಿಕೆಯ ಜಾಹೀರಾತನ್ನು ನನ್ನ ಮುಂದೆ ಹಿಡಿದರು. "ಏನೇ, ತೊಗಾಕುಶಿಗೆ ಹೋಗಿ ಬರೋಣ್ವಾ? ಒಂದೇ ದಿನ, ಬಸ್ಸು. ಹೊಸ ಸೋಬಾ ಕಾಳು ಬಂದಿರುತ್ತೆ, ತಾಜಾ ಹಿಟ್ಟಿನ ಶಾವಿಗೆ. ನಿಂಗೆ ಇಷ್ಟ ಅಲ್ವಾ?" ಎಂದರು. ನನಗೆ ಏನಿಷ್ಟ ಎಂಬುದು ಈ ಮನುಷ್ಯನಿಗೆ ನೆನಪಿದೆಯಲ್ಲ ಎಂದು ಹಿಗ್ಗಿಹೋದೆ. ನಮ್ಮ ಮನೆಯಲ್ಲಿ ಸೋಬಾ ಬೇಯಿಸಿ ಎಷ್ಟು ಕಾಲವಾಯಿತೋ ನಿನಗೇ ಗೊತ್ತು. ನಿನ್ನ ಗಂಡ ತೀರಿಕೊಂಡ ವರ್ಷದಿಂದ ನೀನು ವರ್ಷದ ಕಡೆಯ ರಾತ್ರಿ ನಮ್ಮಲ್ಲಿಗೇ ಬರುತ್ತೀಯ. ಊರೆಲ್ಲ ಸೋಬಾ ತಿಂದು ಹೊಸ ವರ್ಷಕ್ಕೆ ಕಾಲಿಟ್ಟರೆ ನಾವು ಮೂವರು ಗೋಧಿ ಹಿಟ್ಟಿನ ಉದೋನ್ ಶಾವಿಗೆ ತಿನ್ನುತ್ತೇವೆ. ಸೋಬಾದ ಆವಿ ತಗುಲಿದರೂ ನಿನಗೆ ಉಸಿರು ಕಟ್ಟುತ್ತದೆ ಎಂದು ನನ್ನ ಅಡುಗೆಮನೆಗೆ ಆ ಹಿಟ್ಟನ್ನೇ ತರಲಿಲ್ಲ ನಾನು. ಅತ್ತೆ ಗೊಣಗಿದ್ದಾರೆ, "ಸೊಸೆಯ ಗೆಳತಿಗೋಸ್ಕರ ನಾನು ಬಾಯಿ ಕಟ್ಟಬೇಕಾ?" ಎಂದು. ಕಟ್ಟಿ ಅಂದಿದ್ದೇನೆ.

ಇವರು ಟಿಕೆಟ್ಟಿಗೆ ಫೋನ್ ಮಾಡುವಾಗ ನಾನು ಪಕ್ಕದಲ್ಲೇ ಬಟ್ಟೆ ಮಡಿಸುತ್ತಿದ್ದೆ. ಆ ಕಡೆಯವರು ಏನೋ ಕೇಳಿದರು. ಇವರು ಟೀವಿಯಲ್ಲಿ ಸುಮೋ ಕುಸ್ತಿ ನೋಡುತ್ತಲೇ, "ಹ್ಞಾಂ ಹ್ಞಾಂ, ಕಳೆದ ಸಲದ ಹಾಗೇ ಇರಲಿ" ಎಂದರು. ಆಫೀಸಿನವರ ಜೊತೆ ಹೋದದ್ದಿರಬೇಕು ಅಂದುಕೊಂಡೆ. ಮಂಕು ನಾನು.

ಬೆಳಿಗ್ಗೆ ಏಳಕ್ಕೆ ನಿಲ್ದಾಣದ ಮುಂದೆ ಬಸ್ಸು. ಗೈಡ್ ಕುವಾಬಾರಾ ಎಂಬ ದುಂಡು ಮುಖದ ಹೆಂಗಸು, ಹಳದಿ ಬಾವುಟ ಹಿಡಿದು ಇಳಿದಾಗೊಮ್ಮೆ ಹತ್ತಿದಾಗೊಮ್ಮೆ ಮೂವತ್ತೆಂಟು ತಲೆ ಎಣಿಸುತ್ತಿದ್ದಳು. "ಅಮ್ಮಂದಿರೇ, ಅಪ್ಪಂದಿರೇ, ನಿಮ್ಮ ಹೆಂಡತಿ ಕಳೆದುಹೋದ್ರೆ ನನಗೆ ಹೇಳಿ, ಗಂಡ ಕಳೆದುಹೋದ್ರೆ ನಿಧಾನಕ್ಕೆ ಹುಡುಕೋಣ!" ಎಂದಳು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನೇ. ಇವರು ನನಗೆ ಕಿಟಕಿ ಪಕ್ಕದ ಜಾಗ ಕೊಟ್ಟರು, ಕಿತ್ತಳೆ ಸುಲಿದು ಕೊಟ್ಟರು. ದೇವಸ್ಥಾನದ ಹಾದಿಯ ಆ ದೇವದಾರು ಮರಗಳ ನಡುವೆ ನಡೆಯುವಾಗ ನನ್ನ ಕೈಚೀಲ ತಾವೇ ಹಿಡಿದುಕೊಂಡರು. ಸೊಂಟ ಹಿಡಿದುಕೊಂಡಿದ್ದರೂ ಹದಿನೆಂಟರವಳ ಹಾಗೆ ಮೆಟ್ಟಿಲು ಹತ್ತಿದೆ ಕಣೇ. ನಾಚಿಕೆಯಾಗುತ್ತದೆ ಈಗ.

ಊಟ ದೇವಸ್ಥಾನದ ಹತ್ತಿರದ ಒಂದು ಹಳೆಯ ಸೋಬಾ ಅಂಗಡಿಯಲ್ಲಿ. ಬಾಗಿಲಲ್ಲೇ ಬೆಂದ ಹಿಟ್ಟಿನ ಘಮ. ಉದ್ದ ಮೇಜಿನ ಮೇಲೆ ಸಾಲಾಗಿ ಬಿದಿರಿನ ಬುಟ್ಟಿಗಳು, ಒಂದೊಂದರಲ್ಲಿ ಐದೈದು ಪುಟ್ಟ ಸಿಂಬೆ ಸೋಬಾ, ಪಕ್ಕದಲ್ಲಿ ತುರಿದ ಮೂಲಂಗಿ. ನಾನು ಕೂರುವಷ್ಟರಲ್ಲಿ ಬಡಿಸುವ ಮುದುಕಿ ಒಬ್ಬಾಕೆ ಚೀಟಿ ಹಿಡಿದು ಬಂದಳು.

"ಅರಾಯಿ ಅವರ ಮನೆಯವರು ನೀವೇ ತಾನೇ? ಬನ್ನಿ ತಾಯಿ, ನಿಮಗೆ ಹಿಂದಿನ ಕೋಣೇಲಿ ಹಾಕಿದ್ದೀವಿ. ಇಲ್ಲಿ ಗಾಳೀಲೆಲ್ಲ ಸೋಬಾ ಹಿಟ್ಟೇ. ಉಸಿರಿಗೆ ಹೋದ್ರೆ ಕಷ್ಟ."

"ನನಗಾ? ನನಗೇನೂ ಆಗಲ್ಲವಲ್ಲ."

"ಮೂರು ವರ್ಷದ ಹಿಂದೆ ಬಂದಾಗ್ಲೂ ಹೀಗೇ ಸಂಕೋಚ ಪಟ್ರಿ. ಆಗ ಎಲ್ಲರೂ ಮಾಸ್ಕ್ ಹಾಕ್ಕೊಂಡಿದ್ವಿ, ನಿಮ್ಮ ಮುಖ ನೆನಪಿಲ್ಲ. ಯಜಮಾನ್ರ ಈ ಬಿಳಿ ಪೊದೆ ಹುಬ್ಬು ಮಾತ್ರ ಮರೆಯೋ ಹಾಗೇ ಇಲ್ಲ ನೋಡಿ! ತಮ್ಮ ಸೋಬಾ ಬಿಟ್ಟು ಎದ್ದು ಬಂದು, ನಿಮ್ಮ ಜೊತೆ ಹಿಂದಿನ ಕೋಣೇಲೇ ಮೀನು ಅನ್ನ ತಿಂದ್ರಲ್ಲ. ಅಡುಗೆಮನೆ ಹೆಂಗಸರೆಲ್ಲ ವಾರಗಟ್ಟಲೆ ಅದನ್ನೇ ಆಡಿಕೊಂಡ್ವಿ. ಇಂಥ ಗಂಡ ಯಾರಿಗೆ ಸಿಗ್ತಾನೆ ಹೇಳಿ."

ಎದುರು ಕೂತಿದ್ದ ಹೆಂಗಸು ತನ್ನ ಗಂಡನನ್ನು ಮೊಣಕೈಯಲ್ಲಿ ತಿವಿದು, "ಕೇಳಿಸ್ಕೊಂಡ್ರಾ?" ಎಂದಳು. ನಾನು ಇವರ ಮುಖ ನೋಡಿದೆ. ಇವರು ಚಹಾದ ಬಟ್ಟಲನ್ನು ನೋಡುತ್ತಿದ್ದರು. ಈ ಸಲ ಎದ್ದು ಬರಲಿಲ್ಲ.

ಹಿಂದಿನ ಕೋಣೆಯಲ್ಲಿ ಒಬ್ಬಳೇ ಕೂತೆ. ಉಪ್ಪು ಹಚ್ಚಿ ಸುಟ್ಟ ಹೊಳೆ ಮೀನು, ಅಣಬೆ ಅನ್ನ, ಬೇರೆ ಎಣ್ಣೆಯಲ್ಲಿ ಕರಿದ ಕಾಡು ಸೊಪ್ಪು. ತಟ್ಟೆಯ ಅಂಚಿಗೆ ಗುಲಾಬಿ ಕಾಗದ ಅಂಟಿಸಿತ್ತು: "ಅರಾಯಿ ಅವರ ಪತ್ನಿ. ಸೋಬಾ ಕೂಡದು." ಕಾಗದದ ಬಾಗಿಲಿನ ಆಚೆ ಉಳಿದವರೆಲ್ಲ ಸೊರಸೊರ ಎಂದು ಸೋಬಾ ಹೀರುವ ಸದ್ದು. ಆ ಸದ್ದಿನಲ್ಲಿ ಇವರದೂ ಒಂದಿತ್ತು. ನಾನು ಮೀನಿನ ಮುಳ್ಳು ಬಿಡಿಸಿ ಬಿಡಿಸಿ ಒಂದು ಅಗುಳೂ ಬಿಡದೆ ತಿಂದೆ. ಯಾಕೆ ತಿಂದೆನೋ ಗೊತ್ತಿಲ್ಲ. ಬಡಿಸಿದ್ದನ್ನು ಬಿಡಬಾರದು ಎಂದು ಅಮ್ಮ ಕಲಿಸಿದ್ದು, ಅಷ್ಟೇ ಇರಬೇಕು.

ಸೋಬಾ ತಗುಲಿದರೆ ಸಾಯುವಂಥವಳು ನನಗೆ ಗೊತ್ತಿರುವವರಲ್ಲಿ ಒಬ್ಬಳೇ, ಇಕುಕೊ. ಶಾಲೆಯ ಪ್ರವಾಸದಲ್ಲಿ ನಿಕ್ಕೋದ ಆ ವಸತಿಗೃಹ ನೆನಪಿದೆಯಾ? ದಿಂಬಿನೊಳಗೆ ಸೋಬಾ ಹೊಟ್ಟು ತುಂಬಿತ್ತು. ನಿನ್ನ ಮುಖ ಊದಿ, ತುಟಿ ನೀಲಿಯಾಗಿ, ನೀನು ನನ್ನ ತೋಳು ಹಿಡಿದುಕೊಂಡೆ. ಬರಿಗಾಲಲ್ಲಿ ಓಡಿ ಮೇಷ್ಟ್ರನ್ನು ಎಬ್ಬಿಸಿದವಳು ನಾನು. ಆಮೇಲೆ ನನ್ನ ಸ್ವೆಟರ್ ಸುತ್ತಿ ನಿನ್ನ ತಲೆಯಡಿಗೆ ಇಟ್ಟೆ. ಅಂದಿನಿಂದ ನಾವಿಬ್ಬರೂ ಎಲ್ಲಿ ಮಲಗಿದರೂ ಮೊದಲು ನಿನ್ನ ದಿಂಬು ಮುಟ್ಟಿ ನೋಡುವುದು ನನ್ನ ಅಭ್ಯಾಸವಾಯಿತು.

ಮಧ್ಯಾಹ್ನ ಝೆಂಕೋಜಿ ದೇವಸ್ಥಾನ. ಗರ್ಭಗುಡಿಯ ಕೆಳಗಿನ ಆ ಕತ್ತಲೆ ಸುರಂಗಕ್ಕೆ ಎಲ್ಲರೂ ಸಾಲಾಗಿ ಇಳಿದೆವು. ನೀನೂ ಇಳಿದಿರುತ್ತೀಯ. ಬಲಗೈ ಗೋಡೆಗೆ ಸವರುತ್ತ ಹೋಗಬೇಕು, ಬೀಗ ಕೈಗೆ ಸಿಕ್ಕರೆ ಬುದ್ಧನ ಕೃಪೆ. ನನ್ನ ಮುಂದೆ ಇವರು. "ನೊಬುಯೊ, ಇದ್ದೀಯೇನೇ?" ಎಂದು ಎರಡು ಸಲ ಕರೆದರು. ನಾನು ಓಗೊಡಲಿಲ್ಲ. ಆ ಕತ್ತಲಲ್ಲಿ ನನಗೆ ದಿಂಬು ನೆನಪಾಯಿತು. ಇವರು ಚಿಕ್ಕಂದಿನಿಂದ ಸೋಬಾ ಹೊಟ್ಟಿನ ದಿಂಬಿಲ್ಲದೆ ನಿದ್ದೆ ಮಾಡಿದವರಲ್ಲ. ನೀನು ಬರುವ ದಿನ ಅದನ್ನು ಕಪಾಟಿನಲ್ಲಿ ಮುಚ್ಚಿಡುತ್ತಿದ್ದವಳು ನಾನೇ. ನಾಲ್ಕು ವರ್ಷದ ಹಿಂದೆ, ಕುತ್ತಿಗೆ ನೋವು ಎಂದು ತಾವೇ ಅದನ್ನು ಕಸಕ್ಕೆ ಹಾಕಿ ಹೊಸದು ತಂದರು. ಕುತ್ತಿಗೆಗೆ ಅಂತ ನಾನು ತಿಂಗಳುಗಟ್ಟಲೆ ಬಿಸಿನೀರಿನ ಶಾಖ ಕೊಟ್ಟೆ. ಕೂದಲಿಗೆ, ಬಟ್ಟೆಗೆ ಹೊಟ್ಟಿನ ಧೂಳು ಅಂಟಿದರೆ ಯಾರಿಗೆ ತೊಂದರೆ ಎಂದು ಆಗ ಹೊಳೆಯಲಿಲ್ಲ. ಬೀಗ ಸಿಕ್ಕಿತಾ ಇಲ್ಲವಾ ಎಂದು ಹೊರಗೆ ಬಂದ ಮೇಲೆ ಎಲ್ಲರೂ ಕೇಳಿದರು. ಸಿಕ್ಕಿತು ಎಂದೆ. ಹುಡುಕಲೇ ಇಲ್ಲ.

ಬೀದಿಯಲ್ಲಿ ಏಳು ಮಸಾಲೆಯ ಖಾರದ ಪುಡಿ ಮಾರುವ ಅಂಗಡಿ ಕಂಡಿತು. ಅದೇ ಡಬ್ಬಿ. "ಅಕ್ಕನ ಮಗಳು ಕರ್ಕೊಂಡು ಹೋಗಿದ್ಳು ಕಣೇ" ಎಂದು ಮೂರು ವರ್ಷದ ಹಿಂದೆ ನೀನು ನನಗೆ ತಂದುಕೊಟ್ಟದ್ದು. ಎಲ್ಲಿಗೇ ಹೋಗಲಿ, ಮನೆಯಲ್ಲಿ ಉಳಿದವರಿಗೆ ಏನಾದರೂ ತರಬೇಕಲ್ಲ ನಾವು. ಕಳ್ಳತನಕ್ಕೆ ಹೋದಾಗಲೂ ನೀನು ಅದೊಂದನ್ನು ಮರೆಯಲಿಲ್ಲ. ಅತ್ತೆಗೆ ಗಂಜಿ ಕುಡಿಸಿ, ಅವರ ಬಟ್ಟೆ ಒಗೆದು ಹಾಕಿ, ನಾನು ಊಟಕ್ಕೆ ಕೂತು ಆ ಪುಡಿ ಉದುರಿಸಿಕೊಂಡು ತಿಂದಿದ್ದೇನೆ. ಇವರಿಗೂ ಬಡಿಸಿದ್ದೇನೆ. ಇವರು ಡಬ್ಬಿ ನೋಡಿಯೂ ನೋಡದವರ ಹಾಗೆ ತಿಂದರು.

ವಾಪಸು ಬಸ್ಸಿನಲ್ಲಿ ಎಲ್ಲರೂ ಹಾಡುತ್ತಿರುವಾಗ ಇವರು ಮೆಲ್ಲಗೆ ಬಾಯಿಬಿಟ್ಟರು. "ಮುಗಿದುಹೋದ ಕತೆ ಕಣೇ. ಈಗೇನೂ ಇಲ್ಲ. ಆಗ ಮನೇಲಿ ಬರೀ ಕಾಯಿಲೆ ವಾಸನೆ. ನೀನು ಅಮ್ಮನ ಹತ್ರಾನೇ ಇರ್ತಿದ್ದೆ. ನಾನೂ ಮನುಷ್ಯನೇ ಅಲ್ವಾ?"

"ಅವರು ನಿಮ್ಮಮ್ಮ ಕಣ್ರೀ" ಎಂದೆ.

ನಾನು ಮನೆ ಬಿಟ್ಟು ಹೋಗುವವಳಲ್ಲ, ಈ ಅರವತ್ತೆಂಟರಲ್ಲಿ ಎಲ್ಲಿಗೆ ಹೋಗಲಿ? ಇವರನ್ನು ಬಿಡುವುದೂ ಇಲ್ಲ, ಕಟ್ಟಿಹಾಕುವುದೂ ಇಲ್ಲ. ಇವರು ಈಗ ತಮ್ಮ ಬಟ್ಟೆ ತಾವೇ ಒಗೆದುಕೊಳ್ಳುತ್ತಾರೆ, ಯಾರೂ ಹೇಳದೆ. ಆದರೆ ಒಂದು ತೀರ್ಮಾನ ಮಾಡಿದ್ದೇನೆ. ಈ ಡಿಸೆಂಬರ್ ಮೂವತ್ತೊಂದಕ್ಕೆ ನನ್ನ ಮನೆಯಲ್ಲಿ ಸೋಬಾ ಬೇಯುತ್ತದೆ. ಹಿಟ್ಟು ತಂದಾಗಿದೆ. ನಾನೇ ಕಲಸಿ, ಲಟ್ಟಿಸಿ, ಕತ್ತರಿಸುತ್ತೇನೆ. ಮನೆ ತುಂಬ ಧೂಳು ಹಾರುತ್ತದೆ, ಆವಿ ತುಂಬುತ್ತದೆ. ಹಾಗಾಗಿ ನೀನು ಬರಬೇಡ. ಮುಂದಿನ ವರ್ಷವೂ ಬರಬೇಡ.

ಮಂಡಿಗೆ ಬಿಸಿ ಪಟ್ಟಿ ಕಟ್ಟಿಕೋ, ಚಳಿಯಲ್ಲಿ ಬೆಳಿಗ್ಗೆ ಬೆಳಿಗ್ಗೆ ಹೊರಗೆ ಹೋಗಬೇಡ. ಹೋದಲ್ಲೆಲ್ಲ ದಿಂಬು ಮುಟ್ಟಿ ನೋಡು, ನೋಡಲು ಇನ್ನು ನಾನಿರುವುದಿಲ್ಲ. ನೂರು ಕಾಲ ಬದುಕು, ಸಾಯಬೇಡ. ಇದನ್ನು ಶಾಪ ಅಂದುಕೊಂಡರೂ ಸರಿ, ಹಾರೈಕೆ ಅಂದುಕೊಂಡರೂ ಸರಿ.

ನಿನ್ನ
ನೊಬುಯೊ

ಮರೆತ ಮಾತು: ಅಂದು ಸಂಜೆ ಮನೆಗೆ ಬಂದವಳೇ ಕೋಟು ಕೂಡ ಬಿಚ್ಚದೆ ನಿನಗೆ ಫೋನ್ ಮಾಡಿದೆ. ಜಗಳಕ್ಕಲ್ಲ. ಅತ್ತೆ ಬೈದಾಗ, ಸೊಂಟ ಉಳುಕಿದಾಗ, ಇವರು ತಿಂಗಳುಗಟ್ಟಲೆ ಮಾತು ಬಿಟ್ಟಾಗ, ಐವತ್ತು ವರ್ಷ ನಿನಗೇ ಹೇಳಿಕೊಂಡ ಕೈ ತಾನಾಗಿ ನಿನ್ನ ನಂಬರು ಒತ್ತಿತು. ನೀನು "ಬಂದ್ಯೇನೇ? ಸೋಬಾ ಹೇಗಿತ್ತೇ?" ಎಂದೆ. ನನಗೆ ಅಳು ಒತ್ತರಿಸಿ ಬಂತು. ನೀನು ಗಾಬರಿಯಾಗಿ, "ಅಳಬೇಡ್ವೇ, ಅತ್ತೆ ನೆನಪಾದ್ರಾ? ಅಷ್ಟು ವರ್ಷ ಮಾಡಿದ್ದೀಯ, ದೇವರು ನೋಡಿರ್ತಾನೆ. ಬಿಸಿನೀರಲ್ಲಿ ಸ್ನಾನ ಮಾಡಿ ಮಲಗು, ನಾನಿದ್ದೀನಲ್ಲ" ಎಂದೆ. ಪ್ರವಾಸ ಚೆನ್ನಾಗಿತ್ತು ಎಂದಷ್ಟೇ ಹೇಳಿ ಫೋನಿಟ್ಟೆ. ನಿನ್ನ ದನಿ ಕೇಳಿ ನನಗೆ ಸಮಾಧಾನವಾಯಿತು ಇಕುಕೊ. ನೀನು ಹೇಳಿದ ಹಾಗೇ ಸ್ನಾನ ಮಾಡಿ ಮಲಗಿದೆ, ನಿದ್ದೆಯೂ ಬಂತು. ಇವರು ಮಾಡಿದ್ದನ್ನು ಎಂದಾದರೂ ಮರೆತೇನು, ಆದರೆ ಆ ನಿದ್ದೆಗಾಗಿ ನಾನು ನಿನ್ನನ್ನು ಕ್ಷಮಿಸಲಾರೆ.